ಮಾತು ಬಾರದ ಮೊಮ್ಮಗನೂ ಮಾತು ಹೆಚ್ಚಿದ ಅಜ್ಜನೂ

34 ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ, 2023ನೇ ಇಸವಿಯಲ್ಲಿ ವಿಶ್ರಾಂತಿವೇತನಕ್ಕೆ ಪಾತ್ರರಾಗಿ, ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯ ಸಮೀಪದ ನಮ್ಮ ಅಡಕೆತೋಟದ ಮನೆಯಲ್ಲಿ ಕಾಲುಚಾಚಿ ಕುಳಿತಾಗ, ಇನ್ನು ನಾವು ಕಲಿಯತಕ್ಕದ್ದೇನೂ ಉಳಿದಿಲ್ಲವೆಂದು ಭಾವಿಸಿಕೊಂಡಿದ್ದೆವು. ಈ ಭಾವನೆಯು ಸುಳ್ಳೆಂಬುದನ್ನು ಮಾತು ಬಾರದ ಶಿಶುವೊಂದು ನಮಗೆ ತೋರಿಸಿಕೊಟ್ಟಿತು. ಅದನ್ನು ಇಲ್ಲಿ ಬರೆಯುವುದರಲ್ಲಿ ನಮಗೆ ಯಾವ ಹೆಮ್ಮೆಯೂ ಇಲ್ಲ. ಆದರೂ ವಾಚಕರ ಮನೆಗಳಲ್ಲಿ ನಮ್ಮಂತಹ ಅಜ್ಜಂದಿರು ಇರಬಹುದಾದ ಕಾರಣ ಬರೆಯದಿರಲೂ ಮನಸ್ಸೊಪ್ಪದು.

ಮೊಮ್ಮಗನು 2021ರ ಫೆಬ್ರವರಿಯಲ್ಲಿ ಜನಿಸಿದನು. ಕಾಲಕ್ಕೆ ಸರಿಯಾಗಿ ಕತ್ತು ನಿಲ್ಲಿಸಿದನು, ಕುಳಿತನು, ಹದಿಮೂರನೆಯ ತಿಂಗಳಲ್ಲಿ ನಡೆದನು. ಆದರೆ ಒಂದೂವರೆ ವರ್ಷ ಕಳೆದರೂ ಒಂದು ಶಬ್ದವನ್ನೂ ಆಡಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ. ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸುವುದಕ್ಕೆ ಬದಲಾಗಿ, ನಮ್ಮ ಕೈಯನ್ನೇ ಸೌಟು ಹಿಡಿದಂತೆ ಹಿಡಿದು ಆ ವಸ್ತುವಿನ ಮೇಲೆ ಇರಿಸುತ್ತಿದ್ದನು. ಅಂಗಳದಲ್ಲಿ ಒಣಗಹಾಕಿದ ಅಡಕೆಗಳನ್ನು ಒಂದರ ಹಿಂದೊಂದಾಗಿ ಸಾಲುಗಟ್ಟಿ ಜೋಡಿಸುತ್ತ ಅರ್ಧ ಪ್ರಾತಃಕಾಲವನ್ನೇ ಕಳೆಯುತ್ತಿದ್ದನು. ಸಾಲನ್ನು ಯಾರಾದರೂ ಕೆಡಿಸಿದರೆ ಮನೆಯೇ ಹಾರಿಹೋಗುವಂತೆ ಅಳು. ನಾವಾದರೋ ಜಗಲಿಯಲ್ಲಿ ಕುಳಿತು, "ಎಂತಹ ಏಕಾಗ್ರತೆ! ಇವನು ವ್ಯಾಕರಣಕ್ಕೇ ಹುಟ್ಟಿದವನು" ಎಂದು ಹಿಗ್ಗುತ್ತಿದ್ದೆವು.

ಸೊಸೆಗೆ ಮಾತ್ರ ಈ ಹಿಗ್ಗು ಇರಲಿಲ್ಲ. 2022ರ ಆಗಸ್ಟಿನಲ್ಲಿ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಅವಳು ಮೆಲ್ಲಗೆ, "ಮಾವಯ್ಯ, ಮಗುವನ್ನು ಒಮ್ಮೆ ಯಾರಿಗಾದರೂ ತೋರಿಸಬೇಕೆಂದು ಕಾಣುತ್ತದೆ" ಎಂದಳು. ಆಗ ನಾವು ಅವಳಿಗೆ ಹಸ್ತಾಮಲಕನ ಕಥೆಯನ್ನು ಹೇಳಿದೆವು. ಪ್ರಭಾಕರನೆಂಬ ಬ್ರಾಹ್ಮಣನಿಗೆ ಮೂಕನೂ ಜಡನೂ ಎಂಬಂತಿದ್ದ ಒಬ್ಬ ಮಗನಿದ್ದನಷ್ಟೆ; ಶ್ರೀ ಶಂಕರಾಚಾರ್ಯರು ಅವನನ್ನು ನೀನಾರೆಂದು ಕೇಳಿದೊಡನೆ ಆ ಬಾಲಕನು ಶ್ಲೋಕರೂಪದಲ್ಲಿ ಆತ್ಮತತ್ತ್ವವನ್ನೇ ನುಡಿದನಷ್ಟೆ; ಆದಕಾರಣ ಮೌನವಾಗಿರುವ ಮಗುವೆಲ್ಲ ಮಂದವೆಂದು ತಿಳಿಯಬಾರದು, ಎಂದು ಉಪನ್ಯಾಸ ಮಾಡಿದೆವು. ಸೊಸೆ ಎಲ್ಲವನ್ನೂ ಕೇಳಿ, "ಆಚಾರ್ಯರು ಈ ದಾರಿಯಾಗಿ ಯಾವಾಗ ಬರುತ್ತಾರೆಂದು ಯಾರನ್ನು ಕೇಳಲಿ?" ಎಂದು ಹೇಳಿ ಒಳಗೆ ಹೋದಳು. ನಮಗೆ ಕೋಪ ಬಂತು. ಅವಳು ಅಳುತ್ತ ಹೋದಳೆಂಬುದು ಬಹಳ ಕಾಲದ ಮೇಲೆ ನಮ್ಮ ಮನೆಯವಳಿಂದ ತಿಳಿಯಿತು.

ಆ ಮೇಲೆ ಹತ್ತು ತಿಂಗಳು ಸಂದವು. ಗಂಡುಮಕ್ಕಳಿಗೆ ಮಾತು ತಡವೆಂದೆವು. ಇವನ ತಂದೆಗೂ ಮೂರು ವರ್ಷಕ್ಕೇ ಮಾತು ಬಂದುದೆಂದೆವು. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ, ದೂರದರ್ಶನದಲ್ಲಿ ಹಿಂದಿ, ಹೀಗಾಗಿ ಮಗುವಿಗೆ ಯಾವುದನ್ನು ಆಡಬೇಕೆಂದೇ ತಿಳಿಯುತ್ತಿಲ್ಲವೆಂದೂ ಹೇಳಿದೆವು. ಈ ಕೊನೆಯ ಮಾತು ನಮ್ಮ ಜಿಲ್ಲೆಯಲ್ಲಿ ಬಹು ಪ್ರಚಾರದಲ್ಲಿರುವುದರಿಂದ ಇಲ್ಲಿಯೇ ತಿದ್ದಿಬಿಡುತ್ತೇವೆ. ಎರಡು ಮೂರು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ಮಗುವಿನ ಮಾತು ಕುಂಠಿತವಾಗುವುದಿಲ್ಲವೆಂಬುದು ಶಾಸ್ತ್ರಜ್ಞರ ಸ್ಪಷ್ಟವಾದ ಅಭಿಪ್ರಾಯ. ಹಾಗಲ್ಲದಿದ್ದರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತುಗಳು ಒಂದೇ ಸಂತೆಯಲ್ಲಿ ಕಲೆಯುವ ಈ ಸೀಮೆಯಲ್ಲಿ ನಾವೆಲ್ಲರೂ ಮೂಕರಾಗಿಯೇ ಇರಬೇಕಿತ್ತು!

ನಮ್ಮ ಕಣ್ಣು ತೆರೆಯಿಸಿದುದು ಒಂದು ಕಾಗದ. ಚುಚ್ಚುಮದ್ದಿನ ತಾರೀಕು ನೋಡುವುದಕ್ಕಾಗಿ ಸೊಸೆಯ ತಾಯಿ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದಾಗ, ಶಿಶುವು ಯಾವ ತಿಂಗಳಲ್ಲಿ ಏನು ಮಾಡಬೇಕೆಂಬುದನ್ನು ಅದರಲ್ಲಿ ಚಿತ್ರಸಹಿತವಾಗಿ ಮುದ್ರಿಸಿರುವುದನ್ನು ಕಂಡೆವು. ಕತ್ತು ನಿಲ್ಲುವುದು, ಧ್ವನಿ ಬಂದ ಕಡೆಗೆ ತಿರುಗುವುದು, ಕುಳ್ಳಿರುವುದು, ನಿಲ್ಲುವುದು, ಮಾತಾಡುವುದು ಎಲ್ಲವೂ ಕ್ರಮವಾಗಿ ಇದ್ದವು. ಪಂಚಾಂಗವನ್ನು ದಿನಕ್ಕೆರಡು ಬಾರಿ ತಿರುವಿಹಾಕುವ ನಾವು, ನಮ್ಮ ಮನೆಯ ಕೂಸಿನ ಈ ಪಂಚಾಂಗವನ್ನು ಎರಡು ವರ್ಷವಾದರೂ ಬಿಚ್ಚಿ ನೋಡಿರಲಿಲ್ಲ.

ಇಷ್ಟಕ್ಕೂ ಇಂತಹ ಲೆಕ್ಕವು ನಮ್ಮ ಪೂರ್ವಿಕರಿಗೆ ಹೊಸದಲ್ಲ. ನಾಲ್ಕನೆಯ ತಿಂಗಳಲ್ಲಿ ನಿಷ್ಕ್ರಮಣ, ಐದರಲ್ಲಿ ಭೂಮ್ಯುಪವೇಶನ, ಆರರಲ್ಲಿ ಅನ್ನಪ್ರಾಶನ, ಹೀಗೆ ವಿಧಿಸಿದುದು ಕೇವಲ ಮಂತ್ರಕ್ಕಾಗಿಯೇ ಇರಲಾರದೆಂದು ನಮಗೆ ತೋರುತ್ತದೆ. ನೆಲದ ಮೇಲೆ ಕುಳ್ಳಿರಿಸಿದಾಗ ಕೂಸು ಬೆನ್ನು ನಿಲ್ಲಿಸಿತೇ, ಅನ್ನವಿಟ್ಟಾಗ ನುಂಗಿತೇ ಎಂದು ಹತ್ತು ಮಂದಿ ಹಿರಿಯರು ಒಟ್ಟಾಗಿ ನೋಡುವ ದಿನಗಳವು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯಕ್ಕೆ ಒಂದನ್ನು ಪ್ರತ್ಯೇಕವಾಗಿ ಕೊಟ್ಟವರು ಶಿಶುವನ್ನು ಲಕ್ಷ್ಯವಿಟ್ಟು ನೋಡದವರೇ? ನಾವು ಮಂತ್ರವನ್ನು ಉಳಿಸಿಕೊಂಡು ನೋಟವನ್ನು ಬಿಟ್ಟೆವು.

2023ರ ಜೂನಿನಲ್ಲಿ, ಮಳೆ ಹಿಡಿದ ಒಂದು ಮುಂಜಾನೆ, ಮಗ, ಸೊಸೆ, ಕೂಸು ಮತ್ತು ನಾವು ಮಡಂತ್ಯಾರು, ಪುಂಜಾಲಕಟ್ಟೆ, ಬಂಟ್ವಾಳದ ಮಾರ್ಗವಾಗಿ ಮಂಗಳೂರಿಗೆ ಹೋದೆವು. ಮೊದಲು ಮಾಡಿದುದು ಶ್ರವಣಪರೀಕ್ಷೆ. ಮಾತು ತಡವಾದ ಮಗುವಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ನಿರ್ಣಯಿಸಬೇಕಂತೆ. ನಿದ್ರಿಸುವ ಕೂಸಿನ ತಲೆಗೆ ತಂತಿಗಳನ್ನು ಅಂಟಿಸಿ, ಕಿವಿಯಲ್ಲಿ ಶಬ್ದ ಮಾಡಿ, ಮಿದುಳಿನ ಮಾರ್ಗದಲ್ಲಿ ಅದು ಹಾಯುವುದನ್ನು ಯಂತ್ರದಲ್ಲಿ ನೋಡುತ್ತಾರೆ. ಕಿವಿ ಸರಿಯಾಗಿತ್ತು. ಬಳಿಕ ವೈದ್ಯರು ಬಹಳ ಹೊತ್ತು ಮಗುವಿನೊಡನೆ ನೆಲದ ಮೇಲೆ ಕುಳಿತರು, ಸೊಸೆಯನ್ನು ನೂರು ಪ್ರಶ್ನೆ ಕೇಳಿದರು. ಕೊನೆಗೆ ಇದು ಆಟಿಸಂ ಎಂಬ ವರ್ಗಕ್ಕೆ ಸೇರಿದುದೆಂದರು. ಇದಕ್ಕೆ ತಾಯಿಯ ತಪ್ಪಾಗಲಿ, ಗರ್ಭಿಣಿಯಾಗಿದ್ದಾಗ ಕಂಡ ಗ್ರಹಣವಾಗಲಿ, ಚುಚ್ಚುಮದ್ದಾಗಲಿ ಕಾರಣವಲ್ಲವೆಂದೂ ನಾವು ಕೇಳುವುದಕ್ಕೆ ಮೊದಲೇ ಹೇಳಿದರು. "ಇದನ್ನು ಇಲ್ಲದಂತೆ ಮಾಡುವ ಗುಳಿಗೆಯಿಲ್ಲ, ಆದರೆ ಕಲಿಸಬಹುದಾದುದು ಬಹಳವಿದೆ, ಬೇಗ ಆರಂಭಿಸಿದಷ್ಟೂ ಒಳ್ಳೆಯದು. ಮೊದಲು ಸಂಶಯ ಬಂದುದು ಯಾವಾಗ?" ಎಂದು ಕೇಳಿದರು. ಸೊಸೆ ನಮ್ಮ ಮುಖ ನೋಡಲಿಲ್ಲ. "ಈಚೆಗೆ" ಎಂದಳು.

ಆ ಒಂದು ಶಬ್ದದಲ್ಲಿ ಅವಳು ನಮ್ಮ ಮಾನವನ್ನು ಉಳಿಸಿದಳು. ಅದನ್ನು ಈ ತನಕ ಅವಳ ಎದುರಿನಲ್ಲಿ ಹೇಳುವುದಕ್ಕೆ ನಮ್ಮಿಂದಾಗಲಿಲ್ಲ. ಈ ಮಾಸಪತ್ರಿಕೆಯನ್ನು ಅವಳು ತಪ್ಪದೆ ಓದುತ್ತಾಳೆ.

ಹತ್ತು ತಿಂಗಳೇನು ಮಹಾ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇವೆ. ಹುಟ್ಟುವಾಗ ಶಿಶುವಿನ ಮಿದುಳು ಪ್ರೌಢರದರ ಸುಮಾರು ಕಾಲುಭಾಗದಷ್ಟು ತೂಗುತ್ತದೆ. ಎರಡು ವರ್ಷವಾಗುವಷ್ಟರಲ್ಲಿ ಸುಮಾರು ಮುಕ್ಕಾಲು ಭಾಗವಾಗುತ್ತದೆ. ನೋಡುವುದು, ಕೇಳುವುದು, ನುಡಿಯುವುದು ಇವುಗಳ ದಾರಿಗಳೆಲ್ಲ ಆ ಕಾಲದಲ್ಲಿಯೇ ಮಿದುಳಿನಲ್ಲಿ ಬೇಗ ಬೇಗನೆ ಕಟ್ಟಲ್ಪಡುತ್ತವೆ. ಕೆಲವು ತೊಂದರೆಗಳಲ್ಲಂತೂ ತಿಂಗಳಲ್ಲ, ವಾರಗಳೇ ಗಣನೆಗೆ ಬರುತ್ತವೆ. ಥೈರಾಯ್ಡ್ ಗ್ರಂಥಿಯು ಕೆಲಸಮಾಡದೆ ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಮೊದಲ ದಿನಗಳಲ್ಲಿಯೇ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿ, ಕೆಲವೇ ವಾರಗಳೊಳಗೆ ಗುಳಿಗೆಯನ್ನು ಆರಂಭಿಸಿದರೆ ಅದರ ಬುದ್ಧಿಯು ಕುಂದದೆ ಬೆಳೆಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ, ಹೋದ ಬುದ್ಧಿಯು ಅದೇ ಗುಳಿಗೆಯಿಂದ ಪೂರ್ತಿಯಾಗಿ ಮರಳುವುದಿಲ್ಲ. ಹುಟ್ಟುಕಿವುಡಿಗೂ ಹೀಗೆಯೇ. ಮೊದಲ ವರ್ಷದಲ್ಲಿಯೇ ಕಂಡುಹಿಡಿದು ಶ್ರವಣಸಾಧನ ತೊಡಿಸಿದ ಮಗುವಿಗೂ, ಐದು ವರ್ಷಕ್ಕೆ ತೊಡಿಸಿದ ಮಗುವಿಗೂ ಮಾತಿನಲ್ಲಿ ಬಹಳ ಅಂತರ.

ಪರದೇಶದ ಒಂದು ಸಂಗತಿಯನ್ನೂ ಹೇಳಬಹುದು. 1800ನೇ ಇಸವಿಯಲ್ಲಿ ಫ್ರಾನ್ಸಿನ ಕಾಡಿನಿಂದ ಹಿಡಿದು ತಂದ, ಸುಮಾರು ಹನ್ನೆರಡು ವರ್ಷದ ಮಾತು ಬಾರದ ಹುಡುಗನೊಬ್ಬನಿಗೆ ಇಟಾರ್ ಎಂಬ ತರುಣ ವೈದ್ಯನು ಪ್ಯಾರಿಸಿನಲ್ಲಿ ವರ್ಷಗಟ್ಟಲೆ ಬಹು ತಾಳ್ಮೆಯಿಂದ ಪಾಠ ಹೇಳಿದನು. ಹುಡುಗನು ಅಕ್ಷರಗಳನ್ನು ಗುರುತಿಸಿದನು, ಮನೆಗೆಲಸ ಕಲಿತನು, ಮಾತು ಮಾತ್ರ ಬರಲಿಲ್ಲ. ಆದರೆ ಆ ಪ್ರಯತ್ನ ವ್ಯರ್ಥವಾಗಲಿಲ್ಲ. ಅವನ ಕ್ರಮವನ್ನು ಶಿಷ್ಯನಾದ ಸೆಗಾನನು ಬೆಳೆಸಿದನು. ಅದನ್ನೋದಿ ಮರಿಯಾ ಮಾಂಟೆಸರಿಯು 1907ರಲ್ಲಿ ರೋಮಿನಲ್ಲಿ ಶಿಶುಗೃಹವನ್ನು ತೆರೆದಳು. ಆಕೆ 1939ರಲ್ಲಿ ನಮ್ಮ ದೇಶಕ್ಕೆ ಬಂದು ಮದ್ರಾಸಿನ ಅಡ್ಯಾರಿನಲ್ಲಿ ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟಳು. ಇವೆಲ್ಲವನ್ನು ನಾವು ಶಿಕ್ಷಕ ತರಬೇತಿಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಪಾಸು ಮಾಡಿದ್ದೆವು.

ಈ ಚಿಕಿತ್ಸೆಗೆ ಕಚೇರಿಯ ಕನ್ನಡದಲ್ಲಿ "ಶೀಘ್ರ ಹಸ್ತಕ್ಷೇಪ" ಎನ್ನುತ್ತಾರೆ. ನಮಗೆ ಈ ಪದವು ರುಚಿಸದು. ಹಸ್ತಕ್ಷೇಪವೆಂದರೆ ಕರೆಯದವರ ಕೆಲಸದಲ್ಲಿ ಕೈಹಾಕುವುದಲ್ಲವೇ? ಹಸ್ತಾವಲಂಬನವೆಂದಿದ್ದರೆ, ಬೀಳುವವನಿಗೆ ಕೈ ಕೊಟ್ಟಂತೆ ಅರ್ಥವು ಸೊಗಸಾಗುತ್ತಿತ್ತು. ಇರಲಿ, ಸರಕಾರವು ನಮ್ಮನ್ನು ಕೇಳಿ ಪದ ಕಟ್ಟುವುದಿಲ್ಲ. ಕೆಲಸವೇನೋ ಒಳ್ಳೆಯದೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ, ನವಜಾತ ಶಿಶುವನ್ನು ಆಶಾ ಕಾರ್ಯಕರ್ತೆಯು ಮನೆಗೇ ಬಂದು ನೋಡಬೇಕು. ಆರು ವಾರದಿಂದ ಆರು ವರ್ಷದ ತನಕದ ಮಕ್ಕಳನ್ನು ವೈದ್ಯರ ತಂಡವು ವರ್ಷಕ್ಕೆರಡು ಬಾರಿ ಅಂಗನವಾಡಿಯಲ್ಲಿ ಪರೀಕ್ಷಿಸಬೇಕು. ಸಂಶಯವಿದ್ದವರನ್ನು ಜಿಲ್ಲಾ ಆಸ್ಪತ್ರೆಯ ಆಶ್ರಯದ ಶೀಘ್ರ ಹಸ್ತಕ್ಷೇಪ ಕೇಂದ್ರಕ್ಕೆ ಕಳುಹಿಸಬೇಕು. ನಮಗೆ ಜಿಲ್ಲಾ ಆಸ್ಪತ್ರೆಯೆಂದರೆ 1848ರಲ್ಲಿ ಆರಂಭವಾದ ಮಂಗಳೂರಿನ ವೆನ್‌ಲಾಕ್. ಮಕ್ಕಳ ವೈದ್ಯರು, ಕಿವಿ ಮತ್ತು ಮಾತಿನ ತಜ್ಞರು, ಅಂಗಸಾಧನೆ ಮಾಡಿಸುವವರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ಇರಬೇಕೆಂಬುದು ಇದರ ಉದ್ದೇಶ, ಬಡವರಿಗೆ ಖರ್ಚಿಲ್ಲ. ಆದರೆ ಚಿಕಿತ್ಸೆಯು ಒಂದು ದಿನದ್ದಲ್ಲ, ವಾರವಾರದ್ದು. ವಾರವಾರವೂ ಮಂಗಳೂರು ನಮಗೆ ದೂರ. ಹೀಗಾಗಿ ವಾರಕ್ಕೆರಡು ದಿನ ವೇಣೂರಿನ ಮಾರ್ಗವಾಗಿ ಮೂಡಬಿದಿರೆಗೆ ಹೋಗಿ, ಅಲ್ಲಿ ವಾಕ್‌ಚಿಕಿತ್ಸೆ ಮಾಡುವ ಒಬ್ಬ ತರುಣಿಯ ಬಳಿ ಮಗುವನ್ನು ಬಿಡುವುದೆಂದು ಗೊತ್ತಾಯಿತು. ಮಗನಿಗೆ ಉದ್ಯೋಗ, ಸೊಸೆಗೆ ಮನೆಯ ಕೆಲಸವೂ ಎರಡನೆಯ ಬಸಿರೂ. ಬಿಡುವಾಗಿದ್ದವರು ನಾವೊಬ್ಬರೇ.

ಹೀಗೆ ನಾವು ಪುನಃ ವಿದ್ಯಾರ್ಥಿಗಳಾದೆವು. ಮಗುವನ್ನು ಬಿಟ್ಟು ಹೊರಗೆ ಪತ್ರಿಕೆ ಓದುತ್ತ ಕುಳಿತಿರಬಹುದೆಂದು ಎಣಿಸಿದ್ದೆವು. ಆ ತರುಣಿಯು ಒಪ್ಪಲಿಲ್ಲ. "ನನ್ನ ಬಳಿ ವಾರಕ್ಕೆ ಎರಡು ಗಂಟೆ, ಮಿಕ್ಕ ಕಾಲವೆಲ್ಲ ನಿಮ್ಮ ಬಳಿ. ಕಲಿಸಬೇಕಾದವರು ನೀವು, ಮಾಸ್ತರೇ" ಎಂದಳು. ಮೊದಲ ದಿನವೇ ನಾವು ಮರದ ಆನೆಯನ್ನೆತ್ತಿ, "ಇದೇನು? ಹೇಳು! ಆ... ನೆ..." ಎಂದು ಗರ್ಜಿಸಿದೆವು. ಮಗು ಮೇಜಿನಡಿಗೆ ಹೋಗಿ ಕುಳಿತಿತು. ಪರೀಕ್ಷೆ ಮಾಡಕೂಡದು, ಎಂಬುದೇ ಆಕೆಯ ಪ್ರಥಮ ಪಾಠ. ಮಗುವಿನ ಕಣ್ಣಿಗೆ ಕಣ್ಣು ಸಮನಾಗುವಂತೆ ನೆಲದ ಮೇಲೆ ಕುಳ್ಳಿರಬೇಕು. ಅದು ಯಾವುದನ್ನು ನೋಡುತ್ತಿದೆಯೋ ಅದರ ಹೆಸರನ್ನೇ ನಾವು ಹೇಳಬೇಕು, ಒಂದೆರಡು ಶಬ್ದಗಳಲ್ಲಿ, ಹೆಚ್ಚು ಬೇಡ. ಪ್ರಿಯವಾದ ವಸ್ತುವನ್ನು ಕಣ್ಣಿಗೆ ಕಾಣುವಂತೆ, ಕೈಗೆ ಎಟುಕದಂತೆ ಇರಿಸಬೇಕು. ಎರಡು ವಸ್ತುಗಳನ್ನು ಹಿಡಿದು ಯಾವುದು ಬೇಕೆಂದು ಆರಿಸಗೊಡಬೇಕು. ಆ ಮೇಲೆ, ಎಲ್ಲಕ್ಕಿಂತ ಕಠಿಣವಾದುದೆಂದರೆ, ಬಾಯಿಮುಚ್ಚಿ ಕಾಯಬೇಕು.

34 ವರ್ಷ ಎಡೆಬಿಡದೆ ಮಾತಾಡಿದವನಿಗೆ ಸುಮ್ಮನಿರುವುದೆಂದರೆ ಸಾಮಾನ್ಯವೇ? ಕಾಯುವ ಕಾಲವನ್ನು ಅಳೆಯುವುದಕ್ಕೆ ನಾವೊಂದು ಉಪಾಯ ಕಂಡುಕೊಂಡೆವು. ಮನಸ್ಸಿನಲ್ಲಿಯೇ ರಾಮಶಬ್ದವನ್ನು ಪ್ರಥಮಾ ವಿಭಕ್ತಿಯಿಂದ ಸಪ್ತಮಿಯವರೆಗೆ ಹೇಳಿಕೊಳ್ಳುವುದು. ಮುಗಿಯುವ ತನಕ ತುಟಿ ತೆರೆಯತಕ್ಕದ್ದಲ್ಲ. ನೀರಿನ ಚೊಂಬನ್ನು ಎತ್ತರದಲ್ಲಿಟ್ಟು, ಮಗುವಿನ ಮುಂದೆ ಕುಳಿತು, ದಿನಕ್ಕೆ ಹತ್ತಾರು ಬಾರಿ ನಾವು ರಾಮಶಬ್ದವನ್ನು ಮುಗಿಸಿದೆವು. ಆಟಿ ಕಳೆದು ಸೋಣ ಬಂತು, ನವರಾತ್ರಿಯೂ ಆಯಿತು. ಮಗುವು ಒಮ್ಮೆ ಕಣ್ಣೆತ್ತಿ ನೋಡಿದರೆ ಅದೇ ನಮಗೆ ಹಬ್ಬ. ಕಾರ್ತಿಕದ ಒಂದು ಮಧ್ಯಾಹ್ನ, ನಾವು ಚತುರ್ಥೀ ವಿಭಕ್ತಿಯಲ್ಲಿದ್ದಾಗ, ಮಗು ನಮ್ಮ ಮುಖವನ್ನು ನೋಡಿ, "ನೀರ್" ಎಂದಿತು.

ಅದು ತುಳುವೋ ಕನ್ನಡವೋ ಎಂದು ನಿರ್ಣಯಿಸುವ ಸ್ಥಿತಿಯಲ್ಲಿ ನಾವು ಇರಲಿಲ್ಲ. ಚೊಂಬನ್ನು ಕೊಡುವುದನ್ನೂ ಮರೆತು ಸೊಸೆಯನ್ನು ಕೂಗಿದೆವು. ಅವಳು ಅಡಿಗೆಮನೆಯಿಂದ ಓಡಿಬರುವಷ್ಟರಲ್ಲಿ ಮಗು ಅಡಕೆಯ ಕಡೆ ತಿರುಗಿಬಿಟ್ಟಿತ್ತು. ಪುನಃ ಆ ಶಬ್ದವನ್ನು ಕೇಳಬೇಕಾದರೆ ಹನ್ನೊಂದು ದಿನ ಹೋದವು.

ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಶಿಶುಗೀತಗಳು ಬಳಿಕ ನಮಗೆ ಬಹಳ ಉಪಕಾರ ಮಾಡಿದವು. ಹಾಡನ್ನು ದಿನವೂ ಒಂದೇ ರಾಗದಲ್ಲಿ ಹೇಳಿ, ಸಾಲಿನ ಕಡೆಯ ಶಬ್ದವನ್ನು ನುಂಗಿ ಕಾದರೆ, ಪ್ರಾಸದ ಸೆಳೆತವನ್ನು ತಾಳಲಾರದೆ ಮಗುವೇ ಅದನ್ನು ತುಂಬುತ್ತಿತ್ತು. ಪಂಜೆಯವರೂ ಉಪಾಧ್ಯಾಯರಾಗಿದ್ದವರೇ.

ಮೂಡಬಿದಿರೆಯಲ್ಲಿ ನಮಗೆ ಮತ್ತೊಂದು ಪಾಠ ಕಾದಿತ್ತು. ಬಸ್ಸಿಗಾಗಿ ನಿಂತಿದ್ದಾಗ ಸುಮಾರು ನಲವತ್ತು ದಾಟಿದ ಗೃಹಸ್ಥನೊಬ್ಬನು ಬಂದು ಕಾಲುಮುಟ್ಟಿ ನಮಸ್ಕರಿಸಿದನು. ಕಿವಿಯ ಹಿಂದೆ ಶ್ರವಣಯಂತ್ರವಿತ್ತು. ಹೆಸರು ಹೇಳಿದ ಮೇಲೆ ಗುರುತು ಹತ್ತಿತು. ನಮ್ಮ ಉದ್ಯೋಗದ ಮೊದಲ ವರ್ಷಗಳಲ್ಲಿ ಕಡೆಯ ಮಣೆಯಲ್ಲಿ ಕುಳ್ಳಿರುತ್ತಿದ್ದ ಹುಡುಗ. ಕೇಳಿದುದಕ್ಕೆಲ್ಲ ಅಸಂಬದ್ಧವಾಗಿ ಉತ್ತರಿಸುವನೆಂದು ಅವನನ್ನು ನಾವು ಎಷ್ಟು ಬಾರಿ ಬೆಂಚಿನ ಮೇಲೆ ನಿಲ್ಲಿಸಿದ್ದೆವೋ, ಎಷ್ಟು ಬಾರಿ ಅದೇ ಕಿವಿಯನ್ನು ಹಿಂಡಿದ್ದೆವೋ! ಎರಡು ಕಿವಿಗಳೂ ಚಿಕ್ಕಂದಿನಿಂದಲೇ ಮಂದವೆಂಬುದು ಅವನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತಂತೆ. ಈಗ ಹೊಲಿಗೆಯ ಅಂಗಡಿಯಿಟ್ಟುಕೊಂಡು ಸುಖವಾಗಿದ್ದಾನೆ. ಮಗುವನ್ನು ಎಲ್ಲಿಗೆ ಕರೆತಂದಿರೆಂದು ಕೇಳಿದನು. ಹೇಳಿದೆವು. ಕ್ಷಣಕಾಲ ಮೌನವಾಗಿದ್ದು, "ಒಳ್ಳೆಯದಾಯಿತು ಸಾರ್, ಬೇಗ ತಂದಿರಿ" ಎಂದನು. ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಸಹಿಸಿಕೊಳ್ಳಬಹುದಾಗಿತ್ತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆವು. ವೇಣೂರಿನ ಬಸ್ಸು ಬಂತು.

ಇಂತಹ ಚಿಕಿತ್ಸೆಗೆ ತಾಳ್ಮೆಯೊಂದೇ ಸಾಲದು, ಕೈಯಲ್ಲಿ ಬಿಡುವೂ ಬೇಕು. ಪಿಂಚಣಿಯಿರುವ ನಮಗೆ ಅದಿತ್ತು. ಕೂಸಿನ ಬೆರಳುಗಳ ಸಾಧನೆಗಾಗಿ ಕೆಲವು ಕಾಲ ಬಂಟ್ವಾಳದ ಬಿ.ಸಿ. ರೋಡಿಗೂ ಹೋಗುತ್ತಿದ್ದೆವು. ಅಲ್ಲಿಗೆ ಮೂರು ವರ್ಷದ ಹುಡುಗಿಯನ್ನು ಸೊಂಟದಲ್ಲಿ ಹೊತ್ತು ಬರುವ ಒಬ್ಬ ತಾಯಿಯಿದ್ದಳು. ಹೆರಿಗೆಯ ವೇಳೆ ಉಸಿರು ಕಟ್ಟಿ, ಮಗುವಿನ ಕೈಕಾಲುಗಳು ಬಿಗಿದುಕೊಂಡಿದ್ದವು. ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಆಕೆಯದು ಬೀಡಿಯ ಕೆಲಸ. ಕಾಯುವ ಹೊತ್ತಿನಲ್ಲಿಯೂ ಎಲೆ ಕತ್ತರಿಸುತ್ತ ಕುಳಿತಿರುತ್ತಿದ್ದಳು. ಒಂದು ದಿನ ಚಿಕಿತ್ಸೆಗೆ ಬಂದರೆ ಒಂದು ದಿನದ ಬೀಡಿ ಹೋಯಿತು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ಟಿಕೇಟಿಲ್ಲವಾದರೂ ನಮ್ಮ ಕರಾವಳಿಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಹಣ ಕೊಡಲೇಬೇಕು. ಆರು ತಿಂಗಳಲ್ಲಿ ಹುಡುಗಿಯು ಆತುಕೊಳ್ಳದೆ ಕುಳ್ಳಿರುವಷ್ಟಾದಳು. ಅಂದು ಆ ತಾಯಿಯು ಎಲ್ಲರಿಗೂ ಬೆಲ್ಲ ಹಂಚಿದಳು. ರಾಷ್ಟ್ರೀಯ ನ್ಯಾಸದ "ನಿರಾಮಯ" ಎಂಬ ವಿಮೆಯಲ್ಲಿ ಇಂತಹ ಮಕ್ಕಳ ಚಿಕಿತ್ಸೆಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ದೊರಕುವುದೆಂದು ಯಾರೋ ಹೇಳಿದುದನ್ನು ನಾವು ಆಕೆಗೆ ಬರೆದು ಕೊಟ್ಟಿದ್ದೆವು. ಮುಂದಿನ ಮಳೆಗಾಲ ಕಳೆದ ಮೇಲೆ ಆಕೆ ಬರಲಿಲ್ಲ. ವಿಳಾಸವನ್ನು ಕೇಳಿಕೊಳ್ಳಬೇಕಾಗಿತ್ತು.

ಇನ್ನೊಂದು ವಿಷಯವನ್ನು ಬೆಳ್ತಂಗಡಿಯವರಾದ ನಾವು ಬಿಡಲಾರೆವು. ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯ ಸರಕಾರಿ ಗೇರುತೋಟಗಳ ಮೇಲೆ 2000ದವರೆಗೂ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಆ ಗ್ರಾಮಗಳಲ್ಲಿ ಕೈಕಾಲು ಬಾರದ, ಬುದ್ಧಿ ಬಲಿಯದ ಮಕ್ಕಳು ಮನೆಮನೆಗಳಲ್ಲಿ ಕಂಡುಬಂದರು. ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿಯೇ ಅದನ್ನು ತಡೆದುದು 2011ರ ಮೇ ತಿಂಗಳಲ್ಲಿ. ಬಳಿಕ ಮಾಸಾಶನ ಬಂತು, ಕೊಕ್ಕಡದಲ್ಲಿ ಹಗಲು ಪಾಲನೆಯ ಕೇಂದ್ರವೂ ಆಯಿತು. ಆದರೆ ಅಷ್ಟರಲ್ಲಿ ಅವರಲ್ಲಿ ಅನೇಕರು ಮಕ್ಕಳಾಗಿ ಉಳಿದಿರಲಿಲ್ಲ. ಅವರು ಎರಡು ವರ್ಷದವರಾಗಿದ್ದಾಗ ನೆಲದ ಮೇಲೆ ಕುಳಿತು ಅವರ ಬೆರಳು ಬಿಡಿಸಿದವರು ಯಾರೂ ಇರಲಿಲ್ಲ. ಅಂಥವರ ತಾಯಂದಿರು ಈಗ ನಮ್ಮ ವಯಸ್ಸಿನವರು. ಬೆಳೆದ ಮಗನನ್ನು ಎತ್ತಿ ಸ್ನಾನ ಮಾಡಿಸುತ್ತಾರೆ.

ನಮ್ಮ ಮೊಮ್ಮಗನಿಗೆ ನಾಲ್ಕು ವರ್ಷ ತುಂಬಿತು. ಮೂರು ಶಬ್ದ ಕೂಡಿಸಿ ವಾಕ್ಯ ಮಾಡುತ್ತಾನೆ. ಕರೆದರೆ ಹೆಚ್ಚಾಗಿ ತಿರುಗುತ್ತಾನೆ. ಅಂಗನವಾಡಿಯಲ್ಲಿ ಗದ್ದಲವಾದರೆ ಕಿವಿ ಮುಚ್ಚಿಕೊಂಡು ಮೂಲೆ ಹಿಡಿಯುತ್ತಾನೆ. ಕೆಲವು ದಿನ ಕಲಿತುದೆಲ್ಲ ಮಂಜಿನಂತೆ ಕರಗಿಹೋಯಿತೆಂದು ತೋರುತ್ತದೆ. ಮುಂದೇನಾಗುವನೋ ವೈದ್ಯರೂ ಹೇಳುವುದಿಲ್ಲ, ನಾವೂ ಕೇಳುವುದನ್ನು ಬಿಟ್ಟಿದ್ದೇವೆ. ಮೊನ್ನೆ ತೋಟದಲ್ಲಿ ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಸದ್ದುಮಾಡುತ್ತ ಹಾರಿಹೋಯಿತು. ಅವನು ಬೆರಳೆತ್ತಿ ಅದನ್ನು ತೋರಿಸಿ, ಬಳಿಕ ನಾವು ನೋಡಿದೆವೋ ಇಲ್ಲವೋ ಎಂದು ಹಿಂತಿರುಗಿ ನಮ್ಮನ್ನು ನೋಡಿದನು. ಬೇಕಾದುದನ್ನು ಕೇಳುವುದಕ್ಕಾಗಿ ಅಲ್ಲ, ಸುಮ್ಮನೆ, ನಮಗೂ ಕಾಣಲೆಂದು.

ಇತ್ತೀಚೆಗೆ ನಾವು ನಿಜವಾಗಿಯೇ ಹಸ್ತಕ್ಷೇಪ ಮಾಡಿ ಬೈಸಿಕೊಂಡೆವು. ಆಚೆ ಮನೆಯ ಎಂಟು ತಿಂಗಳ ಕೂಸು, ಹಿಂದೆ ಗರ್ನಾಲು ಸಿಡಿದರೂ ಬೆಚ್ಚದಿದ್ದುದನ್ನು ಕಂಡು, ಕಿವಿಯನ್ನೊಮ್ಮೆ ಪರೀಕ್ಷಿಸಬಹುದೆಂದು ಹೇಳಿದೆವು. "ನಿಮ್ಮ ಮನೆಯಲ್ಲಿ ಹಾಗಾಯಿತೆಂದು ಊರಿಗೆಲ್ಲ ಹಾಗೆಯೇ ಕಾಣಬೇಕೇ?" ಎಂದು ಅಜ್ಜನು ಸಿಡುಕಿದನು. ಮೂರು ವಾರ ಅವರ ಜಗಲಿಯಿಂದ ನಮಗೆ ಮಾತಿಲ್ಲ. ಕಳೆದ ಗುರುವಾರ ಸಂಜೆ ಅವನೇ ಬೇಲಿಯ ಬಳಿ ಬಂದು, ಅಡಕೆಯ ಧಾರಣೆಯನ್ನು ಕೇಳಿ, ಮಳೆಯ ಮಾತಾಡಿ, ಹೊರಡುವಾಗ ನೆಲವನ್ನು ನೋಡುತ್ತ, ಮಂಗಳೂರಿಗೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದನು.